ಮನೆಯೇ ಶಾಲೆಯಾದಾಗ ಅಮ್ಮನ ಪುಸ್ತಕಕ್ಕೆ ಜಾಗವೆಲ್ಲಿ?

ಪ್ರಶ್ನೆ: ನಾನು ಶಿವಮೊಗ್ಗದವಳು. ಕನ್ನಡ ಎಂ.ಎ. ಮುಗಿಸಿ ಆರು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿದ್ದೇನೆ. ಕಳೆದ ಎರಡು ವರ್ಷಗಳಿಂದ ಹನ್ನೊಂದರ ಮಗಳಿಗೂ ಏಳರ ಮಗನಿಗೂ ಮನೆಯಲ್ಲೇ ಕಲಿಸುತ್ತಿದ್ದೇನೆ. ಯಜಮಾನರು ಬ್ಯಾಂಕಿನಲ್ಲಿದ್ದಾರೆ. ಅತ್ತೆಯವರು ನಮ್ಮ ಜೊತೆಗೇ ಇದ್ದಾರೆ. ಚಿಕ್ಕಂದಿನಿಂದ ನನಗೆ ಓದಿನ ಹುಚ್ಚು. ಈಗ ಹಗಲು ಹೊತ್ತು ಪುಸ್ತಕ ಹಿಡಿದರೆ ಕದ್ದು ತಿಂದ ಹಾಗೆ ಅನ್ನಿಸುತ್ತದೆ. ‘ಪುಸ್ತಕ ಹಿಡಿದು ಕೂತರೆ ಒಲೆ ಉರಿಯುತ್ತದೆಯೇ’ ಎಂದು ಅತ್ತೆ ಒಮ್ಮೆ ಅಂದದ್ದು ಮನಸ್ಸಿನಿಂದ ಹೋಗಿಲ್ಲ. (ಅವರೂ ಹಿಂದೆ ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿ ಹೊಲಿದು ಇಟ್ಟುಕೊಂಡವರೇ.) ಹಾಗಾಗಿ ಎಲ್ಲರೂ ಮಲಗಿದ ಮೇಲೆ ರಾತ್ರಿ ಒಂದು ಗಂಟೆಯವರೆಗೆ ಓದುತ್ತೇನೆ, ಬೆಳಿಗ್ಗೆ ಮಕ್ಕಳ ಮೇಲೆ ರೇಗುತ್ತೇನೆ. ಮಗಳು ದಿನವಿಡೀ ಕಥೆ ಪುಸ್ತಕದಲ್ಲೇ ಮುಳುಗಿರುತ್ತಾಳೆ, ಗಣಿತ ಎಂದರೆ ಅಳು. ಮಗನಿಗೆ ಇನ್ನೂ ಸರಾಗವಾಗಿ ಓದಲು ಬರುವುದಿಲ್ಲ. ಒಂದು ದಪ್ಪ ಕಾದಂಬರಿ ಯುಗಾದಿಯಿಂದ 212ನೆಯ ಪುಟದಲ್ಲೇ ನಿಂತಿದೆ. ಮಕ್ಕಳು ದೊಡ್ಡವರಾಗುವವರೆಗೆ ನನ್ನ ಓದನ್ನು ಕಟ್ಟಿಡಬೇಕೇ?

ಉತ್ತರ: ಕಟ್ಟಿಡಬೇಡಿ. ಆದರೆ ರಾತ್ರಿ ಒಂದು ಗಂಟೆಯವರೆಗಿನ ಓದನ್ನು ಈ ವಾರದಿಂದಲೇ ನಿಲ್ಲಿಸಿ. ಎರಡೂ ಮಾತನ್ನು ಒಟ್ಟಿಗೆ ಹೇಳುತ್ತಿದ್ದೇನೆ, ಕಾರಣವಿದೆ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೀವು ಬರೆಯದೇ ಬಿಟ್ಟ ಒಂದು ಸಂಗತಿ ಅದರಲ್ಲಿ ಎದ್ದು ಕಂಡಿತು. ನಿಮ್ಮ ಮಕ್ಕಳು ನೀವು ಓದುವುದನ್ನು ನೋಡುವುದೇ ಇಲ್ಲ. ಹಗಲೆಲ್ಲ ಪಾಠ ಹೇಳುತ್ತೀರಿ, ಸಾರಿಗೆ ಒಗ್ಗರಣೆ ಹಾಕುತ್ತೀರಿ, ಬಟ್ಟೆ ಮಡಚುತ್ತೀರಿ. ನಿಮ್ಮ ಪುಸ್ತಕ ತೆರೆಯುವುದು ಅವರಿಗೆ ನಿದ್ದೆ ಹತ್ತಿದ ಮೇಲೆ. ಅಮ್ಮನಿಗೆ ಓದಿನ ಹುಚ್ಚಿದೆ ಎಂಬುದು ಏಳು ವರ್ಷದ ನಿಮ್ಮ ಮಗನಿಗೆ ಗೊತ್ತಾಗುವುದಾದರೂ ಹೇಗೆ? ಅವನು ಕಂಡಿರುವ ಓದು ಒಂದೇ: ಅಮ್ಮ ಎದುರಿಗೆ ಕುಳಿತಿರುತ್ತಾಳೆ, ಸಾಲಿನ ಕೆಳಗೆ ಬೆರಳಿರುತ್ತದೆ, ಅಕ್ಷರ ತಪ್ಪಿದಾಗ ಅಮ್ಮ ಸಣ್ಣಗೆ ನಿಟ್ಟುಸಿರು ಬಿಡುತ್ತಾಳೆ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಓದುವ ನೀವೇ ಅದನ್ನು ಮಕ್ಕಳ ಕಣ್ಣಿಗೆ ಬೀಳದಂತೆ ಮುಚ್ಚಿಟ್ಟಿದ್ದೀರಿ, ಹಿತ್ತಲಿಗೆ ಹೋಗಿ ಬೀಡಿ ಸೇದುವವರ ಹಾಗೆ.

ಮನೆಯಲ್ಲಿ ಕಲಿಸುವ ತಾಯಂದಿರು ನನ್ನಲ್ಲಿಗೆ ಬಂದು, ‘ಮಕ್ಕಳಿಗೆ ಓದುವ ಅಭ್ಯಾಸ ಮಾಡಿಸುವುದು ಹೇಗೆ’ ಎಂದು ಕೇಳುತ್ತಾರೆ. ಮೂವತ್ತು ವರ್ಷ ಮಕ್ಕಳ ಓದಿನ ಸುತ್ತಲೇ ಕೆಲಸ ಮಾಡಿದ ಮೇಲೂ ನನ್ನ ಹತ್ತಿರ ಇದಕ್ಕೆ ದೊಡ್ಡ ಗುಟ್ಟೇನಿಲ್ಲ. ಮನೆಯಲ್ಲಿ ದೊಡ್ಡವರೊಬ್ಬರು ತಮ್ಮ ಖುಷಿಗಾಗಿ, ಯಾರಿಗೂ ಏನನ್ನೂ ಕಲಿಸುವ ಉದ್ದೇಶವಿಲ್ಲದೆ ಓದುತ್ತಿರುವುದು ಮಕ್ಕಳ ಕಣ್ಣಿಗೆ ದಿನವೂ ಬೀಳಬೇಕು. ಹಾಗೆ ನೋಡಿದರೆ ನಿಮ್ಮ ಹುಚ್ಚು ಮನೆಶಾಲೆಯ ಬಂಡವಾಳ. ಅದನ್ನು ನಡುರಾತ್ರಿಯಿಂದ ನಡುಹಗಲಿಗೆ ತರುವುದಷ್ಟೇ ನಮ್ಮ ಮುಂದಿರುವ ಕೆಲಸ.

ಹಗಲಲ್ಲಿ ಹೊತ್ತೆಲ್ಲಿದೆ ಎನ್ನುತ್ತೀರಿ. ಒಂದಿಷ್ಟು ಲೆಕ್ಕ ಹಾಕೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗಳು ವರ್ಷಕ್ಕೆ ಎಷ್ಟು ಗಂಟೆ ಪಾಠ ಮಾಡಬೇಕೆಂದು ಬರೆದಿದೆ. ಒಂದರಿಂದ ಐದನೆಯ ತರಗತಿಯವರೆಗೆ 200 ದಿನ, 800 ಗಂಟೆ. ಆರರಿಂದ ಎಂಟರವರೆಗೆ 220 ದಿನ, 1000 ಗಂಟೆ. ಅದೂ ಕೆಳಗಿನ ತರಗತಿಗಳಲ್ಲಿ ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರು, ಮೇಲಿನ ತರಗತಿಗಳಲ್ಲಿ ಮೂವತ್ತೈದಕ್ಕೆ ಒಬ್ಬರು ಎಂಬ ಅಳತೆಯಲ್ಲಿ. ನೀವು ಹಬ್ಬ, ಮದುವೆ, ಜ್ವರ ಎಲ್ಲ ಕಳೆದು ವರ್ಷಕ್ಕೆ ಮುನ್ನೂರು ದಿನ ಕಲಿಸುತ್ತೀರಿ ಎಂದಿಟ್ಟುಕೊಂಡರೆ ಮಗನ ಪಾಲಿಗೆ ದಿನಕ್ಕೆ ಎರಡು ಗಂಟೆ ನಲವತ್ತು ನಿಮಿಷ, ಮಗಳ ಪಾಲಿಗೆ ಮೂರು ಗಂಟೆ ಇಪ್ಪತ್ತು ನಿಮಿಷ ಬರುತ್ತದೆ. ಇದರಲ್ಲಿ ಚಿತ್ರ ಬರೆಯುವುದು, ಆಟ, ಹಾಡು, ಹಾಜರಿ ಕೂಗುವುದು, ಹಲಗೆಯ ಮೇಲಿನದನ್ನು ಇಳಿಸಿಕೊಳ್ಳುವುದು ಎಲ್ಲವೂ ಸೇರಿದೆ. ಮಗಳು ತಾನೇ ಓದಿಕೊಂಡು ಬರೆಯುವ ವಯಸ್ಸಿನವಳು. ಇಬ್ಬರಿಗೂ ಸೇರಿ ನೀವು ಪಕ್ಕದಲ್ಲಿ ಕುಳಿತು ಕಲಿಸಬೇಕಾದದ್ದು ಬೆಳಿಗ್ಗೆ ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ.

ಆದರೆ ನೀವು ಶಾಲೆಯಲ್ಲಿ ಆರು ವರ್ಷ ಇದ್ದವರು. ನನ್ನ ಊಹೆ ತಪ್ಪಿದ್ದರೆ ಕ್ಷಮಿಸಿ, ಮನೆಯಲ್ಲೂ ನೀವು ಗಂಟೆ ಹೊಡೆಯುತ್ತಿದ್ದೀರಿ. ಒಂಬತ್ತೂವರೆಗೆ ಶುರು, ಮೂರೂವರೆಗೆ ಮುಕ್ತಾಯ, ನಡುವೆ ಪೀರಿಯಡ್ಡುಗಳು. ಶಿಕ್ಷಕಿಯರಾಗಿದ್ದ ತಾಯಂದಿರಿಗೆ ಇದು ಬಿಡಲಾಗದ ಚಾಳಿ. ಶಾಲೆಗೆ ಅಷ್ಟು ಹೊತ್ತು ಬೇಕಾಗುವುದು ಮಕ್ಕಳು ಅಷ್ಟು ಮಂದಿ ಇರುವುದರಿಂದ. ನಿಮ್ಮ ಮನೆಯಲ್ಲಿ ಇಬ್ಬರೇ ಇದ್ದಾರೆ. ಆ ಮಧ್ಯಾಹ್ನದ ಪೀರಿಯಡ್ಡುಗಳನ್ನು ರದ್ದು ಮಾಡಿ. ನಿಮಗೆ ಬೇಕಾದ ಹೊತ್ತು ಅಲ್ಲಿದೆ.

ಊಟವಾದ ಮೇಲೆ ಎರಡರಿಂದ ಮೂರರವರೆಗೆ ಮನೆಯಲ್ಲಿ ಮೌನದ ಗಂಟೆ ಇರಲಿ. ಮಗಳು ತನ್ನ ಪುಸ್ತಕ ಹಿಡಿಯಲಿ. ಮಗ ಚಿತ್ರ ನೋಡಲಿ, ಬಣ್ಣ ಹಚ್ಚಲಿ, ನಿದ್ದೆ ಬಂದರೆ ಮಲಗಲಿ. ನೀವು ನಿಮ್ಮ ಪುಸ್ತಕ ಓದಿ. ನಿಮ್ಮದು ಎಂದರೆ ನಿಮ್ಮದೇ. ನಾಳೆಯ ಪಾಠದ ತಯಾರಿ ಅದರಲ್ಲಿ ಸೇರುವುದಿಲ್ಲ, ಮಕ್ಕಳಿಗೆ ಯಾವ ಕಥೆ ಚೆನ್ನ ಎಂದು ಹುಡುಕುವುದೂ ಸೇರುವುದಿಲ್ಲ. ಇನ್ನೊಂದು ಮಾತು, ಕಾಗದದ ಪುಸ್ತಕವನ್ನೇ ಹಿಡಿಯಿರಿ. ಮೊಬೈಲಿನಲ್ಲಿ ನೀವು ಮಹಾಕಾವ್ಯವನ್ನೇ ಓದುತ್ತಿರಬಹುದು, ಮಗನ ಕಣ್ಣಿಗೆ ಮಾತ್ರ ಅಮ್ಮ ಮೊಬೈಲ್ ನೋಡುತ್ತಿದ್ದಾಳೆ ಅಷ್ಟೇ. ಮೊದಲ ಹತ್ತು ದಿನ ಅವನು ಐದು ನಿಮಿಷಕ್ಕೊಮ್ಮೆ ಬಂದು ನೀರು ಬೇಕು, ಅಕ್ಕ ಚಿವುಟಿದಳು, ಬೆಕ್ಕು ಬಂದಿದೆ ಎಂದೆಲ್ಲ ಹೇಳುತ್ತಾನೆ. ಒಂದು ಗಂಟೆಗೆ ಹಟ ಹಿಡಿಯದೆ ಹದಿನೈದು ನಿಮಿಷದಿಂದ ಆರಂಭಿಸಿ, ವಾರಕ್ಕೆ ಐದು ನಿಮಿಷದಂತೆ ಬೆಳೆಸಿ.

ಇಲ್ಲಿ ನನ್ನದೇ ಒಂದು ಹಳೆಯ ಗಾಯವನ್ನು ತೋರಿಸಬೇಕಾಗಿದೆ. ನನ್ನ ಇಬ್ಬರು ಮಕ್ಕಳನ್ನೂ ನಾನು ಕೆಲವು ವರ್ಷ ಮನೆಯಲ್ಲಿಟ್ಟುಕೊಂಡೇ ಕಲಿಸಿದೆ. ಒಂದು ದಿನ ನೆಂಟರು ಬಂದಿದ್ದರು. ಮಾತಿನ ನಡುವೆ ಯಾರೋ ನನ್ನ ಮಗನನ್ನು, ‘ನಿಮ್ಮಮ್ಮ ತುಂಬಾ ಓದುತ್ತಾರಂತೆ ಹೌದೇನೋ’ ಎಂದು ಕೇಳಿದರು. ಒಂಬತ್ತು ವರ್ಷದವನು, ದೂರುವ ದನಿಯೂ ಇಲ್ಲದೆ, ‘ಹೌದು, ಅಮ್ಮ ಓದುವಾಗ ನಾವು ಮನೆಯಲ್ಲಿ ಇರುವುದಿಲ್ಲ’ ಎಂದ. ಮಕ್ಕಳು ಎಲ್ಲಿಗೋ ಹೋಗುತ್ತಾರೆ ಎಂದು ನೆಂಟರು ತಿಳಿದರು. ಅವನು ಹೇಳಿದ್ದು ಏನೆಂದು ನನಗೆ ಗೊತ್ತಾಯಿತು. ಆ ದಿನಗಳಲ್ಲಿ ನಾನು ಅಡುಗೆಮನೆಯಲ್ಲೂ ಪುಸ್ತಕ, ಊಟದ ಮಣೆಯ ಪಕ್ಕದಲ್ಲೂ ಪುಸ್ತಕ, ಅವನು ಭಾಗಾಕಾರ ಮಾಡುತ್ತ ಕುಳಿತಾಗಲೂ ಪುಸ್ತಕ ಎನ್ನುವ ಸ್ಥಿತಿಯಲ್ಲಿದ್ದೆ. ಕೇಳಿದ್ದಕ್ಕೆಲ್ಲ ತಲೆ ಎತ್ತದೆ ‘ಹೂಂ’ ಎನ್ನುತ್ತಿದ್ದೆ. ಆ ‘ಹೂಂ’ ಸುಳ್ಳೆಂದು ಅವನಿಗೆ ತಿಳಿದಿತ್ತು.

ಆಮೇಲೆ ನಾವು ಮಾಡಿಕೊಂಡ ಏರ್ಪಾಡು ಜಾಗದ್ದು. ಅಮ್ಮ ಜಗಲಿಯಲ್ಲಿ ಕುಳಿತು ಓದುತ್ತಿದ್ದರೆ ಕರೆಯಬಾರದು; ರಕ್ತ ಬಂದರೆ, ಬೆಂಕಿ ಕಂಡರೆ, ನೆಂಟರು ಬಂದರೆ ಮಾತ್ರ ಕರೆಯಬಹುದು. ಅಮ್ಮ ಬೇರೆಲ್ಲಿ ಪುಸ್ತಕ ಹಿಡಿದಿದ್ದರೂ ಯಾರು ಬೇಕಾದರೂ ಬಂದು ಕರೆಯಬಹುದು, ಕರೆದರೆ ಅಮ್ಮ ಪುಸ್ತಕ ಮುಚ್ಚಿ ಮುಖ ನೋಡಿ ಉತ್ತರ ಕೊಡಬೇಕು. ಎರಡನೆಯ ಭಾಗವನ್ನು ಪಾಲಿಸುವುದು ನನಗೆ ಕಷ್ಟವಾಯಿತು, ಮಕ್ಕಳಿಗೆ ಮೊದಲನೆಯದು ಅಷ್ಟೇನೂ ಕಷ್ಟವಾಗಲಿಲ್ಲ. ನಿಮ್ಮ ಮನೆಗೆ ಜಗಲಿ ಇಲ್ಲದಿದ್ದರೆ ಕಿಟಕಿಯ ಪಕ್ಕದ ಒಂದು ಕುರ್ಚಿ ಸಾಕು.

ನೀವು ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ, ಉತ್ತರವನ್ನು ನನಗೆ ಬರೆಯುವ ಅಗತ್ಯವಿಲ್ಲ. ದಿನದ ಯಾವ ಗಳಿಗೆಯಲ್ಲಿ ನಿಮ್ಮ ಕೈ ಪುಸ್ತಕದ ಕಡೆಗೆ ಹೋಗುತ್ತದೆ? ಕೆಲಸ ಮುಗಿಸಿ ಕುಳಿತಾಗ ಹೋದರೆ ಅದು ಓದು. ಮಗಳ ಗಣಿತದ ಪುಸ್ತಕ ತೆರೆಯುವ ಹೊತ್ತಿಗೆ ಸರಿಯಾಗಿ ಹೋದರೆ ಅದು ತಪ್ಪಿಸಿಕೊಳ್ಳುವುದು. ಅದನ್ನೂ ಅಪರಾಧ ಎಂದು ನಾನು ಹೇಳುವುದಿಲ್ಲ, ಆದರೆ ಆಗ ಸರಿಪಡಿಸಬೇಕಾದದ್ದು ಗಣಿತದ ಹೊತ್ತನ್ನು. ಪಕ್ಕದ ಬೀದಿಯ ಬಿ.ಎಸ್ಸಿ. ಹುಡುಗಿಯೊಬ್ಬಳನ್ನು ವಾರಕ್ಕೆ ಎರಡು ದಿನ ಗಣಿತಕ್ಕೆ ಕರೆಸಿದರೆ ನಿಮ್ಮ ಮನೆಶಾಲೆಯ ಮರ್ಯಾದೆ ಹೋಗುವುದಿಲ್ಲ.

ರಾತ್ರಿಯ ವಿಷಯ. ಒಂದು ಗಂಟೆಗೆ ಮಲಗಿ ಆರಕ್ಕೆ ಏಳುವವರು ಬೆಳಿಗ್ಗೆ ರೇಗದೆ ಇನ್ನೇನು ಮಾಡುತ್ತಾರೆ? ಹತ್ತೂವರೆಗೆ ದೀಪ ಆರಿಸಿ. ಓದಲೇಬೇಕು ಎನ್ನಿಸಿದರೆ ಬೆಳಿಗ್ಗೆ ಐದೂವರೆಯ ಕಾಫಿಯ ಜೊತೆ ಅರ್ಧ ಗಂಟೆ ಓದಿ. ನಡುರಾತ್ರಿಯ ಎರಡು ಗಂಟೆಗಿಂತ ಅದು ಹೆಚ್ಚು ದಕ್ಕುತ್ತದೆ. ಯಾವ ಹೊತ್ತಿಗೆ ಯಾವ ಪುಸ್ತಕ ಎಂಬುದರಲ್ಲೂ ಸ್ವಲ್ಪ ಜಾಣತನ ಬೇಕು. ಸಂಸಾರಸ್ಥರು ತುಂಡು ಹೊತ್ತಿನಲ್ಲಿ ದಪ್ಪ ಕಾದಂಬರಿ ಓದಲು ಹೋಗಿ, ಹಿಂದಿನ ಪುಟದಲ್ಲಿ ಯಾರು ಯಾರಿಗೆ ಏನಾಗಬೇಕೆಂದು ಮರೆತು, ಓದೇ ಕೈಬಿಟ್ಟಿತು ಎಂದು ಕೊರಗುತ್ತಾರೆ. ಕುಕ್ಕರಿನ ಎರಡು ಸೀಟಿಯ ನಡುವೆ ಒಂದು ವಚನ ಹಿಡಿಸುತ್ತದೆ. ಹಾಲು ಕಾಯಲು ಇಟ್ಟು ಮಾತ್ರ ಓದಬೇಡಿ, ಅನುಭವದ ಮೇಲೆ ಹೇಳುತ್ತಿದ್ದೇನೆ. ಮೌನದ ಗಂಟೆಗೆ ಸಣ್ಣಕಥೆ ಅಥವಾ ಲಲಿತ ಪ್ರಬಂಧ ಸರಿಯಾಗುತ್ತದೆ, ಒಂದು ಸಲ ಕೂತರೆ ಮುಗಿಯುತ್ತದೆ. ಕಾದಂಬರಿಗೆ ಬೇರೆ ಏರ್ಪಾಡು ಬೇಕು, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಅತ್ತೆಯವರು. ನಿಮ್ಮ ಇಡೀ ಪತ್ರದಲ್ಲಿ ನನಗೆ ಬೆಲೆಬಾಳುವ ಸಾಲು ಎಂದು ಕಂಡದ್ದು ನೀವು ಆವರಣದೊಳಗೆ ಹಾಕಿ ಮರೆತುಬಿಟ್ಟದ್ದು. ವಾರಪತ್ರಿಕೆ ಬಂದ ದಿನ ಧಾರಾವಾಹಿಯ ಹಾಳೆಗಳನ್ನು ಅಂಚು ಕೆಡದಂತೆ ಬಿಡಿಸಿ, ಕಂತುಗಳನ್ನು ಒಂದರ ಮೇಲೊಂದು ಜೋಡಿಸಿ, ಕಥೆ ಮುಗಿದ ಮೇಲೆ ದಬ್ಬಣದಲ್ಲಿ ತೂತು ಹಾಕಿ ಹೊಲಿದು, ಹಳೆಯ ಕ್ಯಾಲೆಂಡರಿನ ಹಾಳೆಯನ್ನು ರಟ್ಟಾಗಿ ಅಂಟಿಸುತ್ತಿದ್ದ ಹೆಂಗಸರನ್ನು ನಾನು ಬಲ್ಲೆ. ಪುಸ್ತಕ ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ, ಗ್ರಂಥಾಲಯಕ್ಕೆ ಹೋಗುವ ರೂಢಿ ಇರಲಿಲ್ಲ. ಹೊಲಿದ ಆ ಕಟ್ಟುಗಳು ಅಕ್ಕಪಕ್ಕದ ನಾಲ್ಕು ಮನೆ ಸುತ್ತಿ ಹಿಂದಿರುಗುತ್ತಿದ್ದವು. ನಿಮ್ಮ ಅತ್ತೆಯವರು ಹಾಗೆ ಮಾಡಿದವರು. ‘ಒಲೆ ಉರಿಯುತ್ತದೆಯೇ’ ಎಂಬ ಮಾತು ಅವರದಾಗಿರಲಾರದು, ಅವರ ಅತ್ತೆ ಅವರಿಗೆ ಹೇಳಿದ್ದಿರಬೇಕು. ಕೇಳಿ ನೋಡಿ, ಬೇಕಾದರೆ.

ಅಟ್ಟದ ಮೇಲೆಲ್ಲೋ ಇರಬಹುದಾದ ಆ ಕಟ್ಟುಗಳನ್ನು ಕೆಳಗಿಳಿಸಲು ಅವರ ಅಪ್ಪಣೆ ಕೇಳಿ. ನೀವೇ ಇಳಿಸಿಬಿಡಬೇಡಿ, ಅವರ ಸ್ವತ್ತು ಅದು. ಸಂಜೆ ಅವರು ಹೂ ಕಟ್ಟುವಾಗಲೋ ಸೊಪ್ಪು ಬಿಡಿಸುವಾಗಲೋ ಒಂದು ಕಂತನ್ನು ಮಗಳು ಗಟ್ಟಿಯಾಗಿ ಓದಲಿ. ಅಜ್ಜಿಗೆ ಕನ್ನಡಕ ಹಾಕಿದರೂ ಸಣ್ಣಕ್ಷರ ಕಾಣದ ವಯಸ್ಸಾಗಿರಬಹುದು. ಅಜ್ಜಿ ನಡುವೆ ತಡೆದು, ‘ಇವಳೇ ನೋಡು, ಮುಂದೆ ಮನೆ ಒಡೆಯುವವಳು’ ಎಂದು ಕಥೆಯನ್ನು ಮುಂಚೆಯೇ ಹೇಳಿಬಿಟ್ಟರೆ ಹೇಳಲಿ. ಮಗ ಅಲ್ಲೇ ಎಲ್ಲೋ ಉರುಳಾಡುತ್ತ ಕೇಳಿಸಿಕೊಳ್ಳುತ್ತಿರುತ್ತಾನೆ.

ನಿಮ್ಮ ಊರಿನ ಹತ್ತಿರವೇ ತುಂಗೆಯ ದಡದಲ್ಲಿ ಹೊಸಹಳ್ಳಿ ಇದೆ. ಗಮಕಕ್ಕೆ ಹೆಸರಾದ ಊರು. ಅಲ್ಲಿನ ಹಿರಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕದ ವ್ಯವಸ್ಥೆಯನ್ನು ಸ್ವಲ್ಪ ಗಮನಿಸಿ. ಒಬ್ಬರು ಕಾವ್ಯವನ್ನು ರಾಗವಾಗಿ ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ, ಉಳಿದವರು ಕೇಳುತ್ತಾರೆ. ಕೇಳುವವರಲ್ಲಿ ಅಕ್ಷರ ಬಾರದವರೂ ಇರುತ್ತಿದ್ದರು, ಕಾವ್ಯ ಅವರಿಗೂ ಬಾಯಿಗೆ ಬರುತ್ತಿತ್ತು. ನಮ್ಮಲ್ಲಿ ಬಹುಕಾಲ ಓದು ಎಂದರೆ ಒಬ್ಬರೇ ಮೂಲೆಯಲ್ಲಿ ಕುಳಿತು ಮಾಡುವ ಕೆಲಸವಾಗಿರಲಿಲ್ಲ. ನಿಮ್ಮ ಮನೆಯಲ್ಲಿ ವಾಚನಕ್ಕೆ ಮಗಳಿದ್ದಾಳೆ, ವ್ಯಾಖ್ಯಾನಕ್ಕೆ ಅತ್ತೆಯವರಿದ್ದಾರೆ. ಆ ಅರ್ಧ ಗಂಟೆ ನೀವು ಸುಮ್ಮನೆ ಕೇಳಬಹುದು, ಅಥವಾ ಎದ್ದು ಹೋಗಿ ಮೊಸರಿಗೆ ಹೆಪ್ಪು ಹಾಕಬಹುದು. ಒಂದು ದಿನ ಮಕ್ಕಳನ್ನು ಹೊಸಹಳ್ಳಿಗೂ ಕರೆದುಕೊಂಡು ಹೋಗಿ.

ಮಗಳ ಗಣಿತಕ್ಕೆ ನನ್ನ ಸಲಹೆ ಚಿಕ್ಕದು. ಬೆಳಗಿನ ತಿಂಡಿಯಾದ ಕೂಡಲೇ ನಲವತ್ತು ನಿಮಿಷ ಗಣಿತ, ಅದಕ್ಕೆ ಮುಂಚೆ ಕಥೆ ಪುಸ್ತಕ ತೆರೆಯುವಂತಿಲ್ಲ. ಕಥೆಯೊಳಗೆ ಹೋದ ಮಗುವನ್ನು ಎಬ್ಬಿಸಿ ಲೆಕ್ಕಕ್ಕೆ ಕೂರಿಸುವುದು ಗಾಢ ನಿದ್ದೆಯಿಂದ ಎಬ್ಬಿಸಿದಷ್ಟೇ ಕ್ರೂರ, ನಿಮಗೇ ಹಾಗಾಗುವುದಿಲ್ಲವೇ? ಆದರೆ ಪುಸ್ತಕವನ್ನು ಎಂದೂ ಕೂಲಿಯಾಗಿ ಕೊಡಬೇಡಿ, ದಂಡವಾಗಿ ಕಿತ್ತುಕೊಳ್ಳಲೂಬೇಡಿ. ‘ಹತ್ತು ಲೆಕ್ಕ ಮಾಡಿದರೆ ಕಥೆ ಪುಸ್ತಕ’ ಎಂದರೆ ಗಣಿತ ಕಹಿ, ಕಥೆ ಸಿಹಿ ಎಂದು ನಾವೇ ಬರೆದುಕೊಟ್ಟಂತಾಗುತ್ತದೆ. ಓದುವ ಹುಡುಗಿಗೆ ಓದಿನ ಮೂಲಕವೇ ಲೆಕ್ಕ ಕಾಣಿಸಿ. ಶಿವಮೊಗ್ಗದ ಪತ್ರಿಕೆಗಳಲ್ಲಿ ದಿನವೂ ಬಗೆಬಗೆಯ ಅಡಿಕೆಯ ಧಾರಣೆ ಬರುತ್ತದೆ: ರಾಶಿ, ಬೆಟ್ಟೆ, ಸರಕು, ಗೊರಬಲು. ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂಬ ಪಟ್ಟಿಯನ್ನು ಅವಳು ಒಂದು ತಿಂಗಳು ಪುಸ್ತಕದಲ್ಲಿ ಬರೆದಿಡಲಿ. ಸರಾಸರಿ, ಶೇಕಡಾವಾರು ಏರಿಳಿತ, ರೇಖಾಚಿತ್ರ ಎಲ್ಲ ಅದರಲ್ಲೇ ಬಂತು. ತೋಟವಿರುವ ಚಿಕ್ಕಪ್ಪನೋ ಮಾವನೋ ಇದ್ದರೆ, ಅವರು ಫೋನ್ ಮಾಡಿ ಇವಳನ್ನೇ ಇವತ್ತಿನ ರೇಟು ಕೇಳುವಂತೆ ಮಾಡಿ. ಹನ್ನೆರಡನೆಯ ಶತಮಾನದಲ್ಲೇ ಕನ್ನಡದಲ್ಲಿ ವ್ಯವಹಾರದ ಗಣಿತವನ್ನು ಪದ್ಯವಾಗಿ ಬರೆದಿದ್ದರು ಎಂದೂ ಹೇಳಿ, ಅವಳಿಗೆ ಮೋಜೆನ್ನಿಸಬಹುದು.

ಮಗನ ವಿಷಯದಲ್ಲಿ ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ, ಆದರೆ ಅದರಲ್ಲಿ ಸ್ವಲ್ಪ ಅವಸರವಿದೆ. ಕನ್ನಡದಲ್ಲಿ 49 ಅಕ್ಷರ ಎನ್ನುತ್ತೇವೆ. ಮಗು ಗುರುತಿಸಬೇಕಾದ ಆಕಾರಗಳು ಅಷ್ಟೇ ಅಲ್ಲ. 34 ವ್ಯಂಜನಗಳಿಗೆ ಹದಿನೈದರಂತೆ ಕಾಗುಣಿತ ಹಾಕಿದರೆ 510 ರೂಪ. ಅದರ ಮೇಲೆ ಒತ್ತಕ್ಷರ. ಕ, ಗ, ಚ ಮುಂತಾದವುಗಳ ಒತ್ತು ಮೂಲ ಅಕ್ಷರವನ್ನು ಹೋಲುತ್ತದೆ, ಮಗು ಊಹಿಸಿಕೊಳ್ಳುತ್ತದೆ. ತ, ನ, ಮ, ಯ, ರ, ಲ ಇವುಗಳ ಒತ್ತಿಗೂ ಮೂಲಕ್ಕೂ ಸಂಬಂಧವೇ ಕಾಣುವುದಿಲ್ಲ. ಅರ್ಕಾವತ್ತಂತೂ ಉಚ್ಚಾರಣೆಯಲ್ಲಿ ಮೊದಲು ಬಂದು ಬರವಣಿಗೆಯಲ್ಲಿ ಕೊನೆಗೆ ಕೂರುತ್ತದೆ. ಕನ್ನಡದ ಮಕ್ಕಳು ಓದು ಕಲಿಯುವ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು: ಅಕ್ಷರಗಳ ಈ ಇಡೀ ಸಂಸಾರ ಕೈವಶವಾಗುವುದು ಒಂದನೆಯ ತರಗತಿಯಲ್ಲಿ ಮುಗಿಯುವ ಕೆಲಸವಲ್ಲ, ಪ್ರಾಥಮಿಕ ಶಾಲೆಯ ಹಲವು ವರ್ಷಗಳವರೆಗೆ ಚಾಚಿಕೊಳ್ಳುತ್ತದೆ. ಇಂಗ್ಲಿಷಿನ 26 ಅಕ್ಷರಗಳ ಗಡಿಯಾರವನ್ನು ಕನ್ನಡದ ಮಗುವಿಗೆ ಕಟ್ಟಬಾರದು.

ಆದ್ದರಿಂದ ಅವನ ಓದಿನ ಪಾಠ ದಿನಕ್ಕೆ ಹದಿನೈದು ನಿಮಿಷ ಸಾಕು. ಒತ್ತಕ್ಷರಗಳು ಕಡಿಮೆ ಇರುವ ಪುಸ್ತಕ ಆರಿಸಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಓದಿನ ಮಟ್ಟದ ಪ್ರಕಾರ ವಿಂಗಡಿಸಿದ ಕನ್ನಡ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಕೆಲವನ್ನು ಮುದ್ರಿಸಿ ಹೊಲಿದುಕೊಡಿ. ಹೊಲಿಯುವುದನ್ನು ಅಜ್ಜಿಯ ಕೈಯಲ್ಲಿ ಕಲಿಯಲಿ. ಉಳಿದಂತೆ ಅವನಿಗೆ ನೀವು ಓದಿ ಹೇಳಿ, ಬೆರಳಿಡದೆ, ಪ್ರಶ್ನೆ ಕೇಳದೆ. ಒಂಬತ್ತು ತುಂಬುವ ಹೊತ್ತಿಗೂ ಸರಳ ಪದಗಳಲ್ಲೇ ತಡವರಿಸುತ್ತಿದ್ದರೆ, ಅಥವಾ ನಿನ್ನೆ ಬಂದ ಅಕ್ಷರ ಇವತ್ತು ಪೂರ್ತಿ ಅಳಿಸಿಹೋಗುವುದು ದಿನವೂ ನಡೆಯುತ್ತಿದ್ದರೆ, ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಆಮೇಲೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕಲಿಕೆಯ ತೊಂದರೆಯ ತಪಾಸಣೆಗೆ ಒಮ್ಮೆ ಹೋಗಿ ಬನ್ನಿ. ತೊಂದರೆ ಇದ್ದರೆ ಬೇಗ ತಿಳಿದಷ್ಟೂ ಒಳ್ಳೆಯದು, ಇಲ್ಲದಿದ್ದರೆ ನಿಮ್ಮ ನಿಟ್ಟುಸಿರಾದರೂ ನಿಲ್ಲುತ್ತದೆ.

ಯಜಮಾನರ ಬಗ್ಗೆ ನೀವು ಬರೆದದ್ದು ಎರಡೇ ಪದ, ‘ಯಜಮಾನರು ಬ್ಯಾಂಕಿನಲ್ಲಿದ್ದಾರೆ’ ಎಂಬಷ್ಟು. ಮನೆಶಾಲೆಯ ಬಹುತೇಕ ಪತ್ರಗಳಲ್ಲಿ ತಂದೆಯರ ಪಾತ್ರ ಇಷ್ಟೇ ಉದ್ದವಿರುತ್ತದೆ. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ ಇದೆ. ಆ ಎರಡು ಶನಿವಾರಗಳು ನಿಮ್ಮವು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದೂವರೆಯವರೆಗೆ ಮಕ್ಕಳು, ಅಡುಗೆ ಎರಡೂ ಅವರ ಪಾಲಿಗೆ. ಅವರು ಚಿತ್ರಾನ್ನವನ್ನೇ ಮಾಡಲಿ, ಪ್ರತಿ ಸಲವೂ ಅದನ್ನೇ ಮಾಡಲಿ. ನೀವು ಮನೆಯಲ್ಲಿ ಇರಬೇಡಿ. ಮನೆಯಲ್ಲಿದ್ದರೆ ಹಿಂಗಿನ ಡಬ್ಬಿ ಎಲ್ಲಿದೆ ಎಂದು ಯಾರಾದರೂ ಬಂದು ಕೇಳುತ್ತಾರೆ. ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ, ರಜೆಯ ದಿನಗಳನ್ನು ಮೊದಲು ವಿಚಾರಿಸಿಕೊಂಡು. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಶೇಕಡಾ ಆರರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ನಿಮ್ಮ ಮನೆಯ ತೆರಿಗೆ ರಸೀದಿ ತೆಗೆದು ನೋಡಿ, ದುಡ್ಡು ಕಟ್ಟಿಯಾಗಿದೆ. ಓದಿ ವಸೂಲು ಮಾಡಿಕೊಳ್ಳಿ.

‘ಇಷ್ಟು ಕಡಿಮೆ ಪಾಠ ಮಾಡಿದರೆ ಮುಂದೆ ಪರೀಕ್ಷೆ?’ ಎಂಬ ಅಳುಕು ಉಳಿದಿರುತ್ತದೆ. ಮಗಳಿಗೆ ಹದಿನಾಲ್ಕು ತುಂಬಿದಾಗ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹತ್ತನೆಯ ತರಗತಿಯ ಪರೀಕ್ಷೆಗೆ ನೋಂದಾಯಿಸಬಹುದು. ಕನಿಷ್ಠ ಒಂದು ಭಾಷೆ ಸೇರಿ ಐದು ವಿಷಯಗಳಲ್ಲಿ ತೇರ್ಗಡೆಯಾಗಬೇಕು, ಭಾಷೆಗಳಲ್ಲಿ ಕನ್ನಡವೂ ಇದೆ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರಿನಲ್ಲಿ ನಡೆಯುತ್ತದೆ. ಒಮ್ಮೆ ನೋಂದಾಯಿಸಿದರೆ ಐದು ವರ್ಷ, ಒಂಬತ್ತು ಅವಕಾಶ. ಎಲ್ಲ ವಿಷಯವನ್ನೂ ಒಂದೇ ಸಲ ಬರೆಯಬೇಕೆಂದಿಲ್ಲ. ಅವಳಿಗೆ ಇನ್ನೂ ಮೂರು ವರ್ಷ ಇದೆ. ಮಗನಿಗೆ ಶಾಲೆಯೇ ಹಿತ ಎನ್ನಿಸಿದರೆ ಅದೂ ಸರಿ. ಹದಿನಾಲ್ಕರೊಳಗಿನ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ ನಾಲ್ಕನೆಯ ಕಲಂ ಹೇಳುತ್ತದೆ. ಮನೆಯಲ್ಲಿ ಕಲಿಸುವುದು ನೀವು ತೊಟ್ಟ ದೀಕ್ಷೆಯೇನಲ್ಲ.

ಆ ಕಾದಂಬರಿಯನ್ನು 212ನೆಯ ಪುಟದಿಂದ ಮುಂದುವರಿಸಬೇಡಿ. ಯುಗಾದಿಯಿಂದ ನಿಂತ ಕಥೆಯ ಎಳೆ ಈಗ ಸಿಗುವುದಿಲ್ಲ, ಸಿಗಲಿಲ್ಲವೆಂದು ನಿಮ್ಮನ್ನೇ ಬೈದುಕೊಳ್ಳುತ್ತೀರಿ. ಬರುವ ಎರಡನೆಯ ಶನಿವಾರ ಮೊದಲ ಪುಟದಿಂದ ಹಿಡಿಯಿರಿ. ಐವತ್ತು ಪುಟದೊಳಗೆ ಹಿಡಿಸದಿದ್ದರೆ ಅಲ್ಲೇ ಬಿಟ್ಟು ಬೇರೆಯದನ್ನು ತೆಗೆದುಕೊಳ್ಳಿ. ಅತ್ತೆಯವರ ಕಟ್ಟುಗಳನ್ನು ಮಾತ್ರ ಮಳೆ ಹಿಡಿಯುವ ಮೊದಲೇ ಇಳಿಸಿ. ಮಲೆನಾಡಿನ ಅಟ್ಟದಲ್ಲಿ ಗೆದ್ದಲಿಗಿಂತ ತೇವದ ಕಾಟ ಹೆಚ್ಚು. ಎಳೆಬಿಸಿಲಿನಲ್ಲಿ ಒಂದು ಗಂಟೆ ಬಿಡಿಸಿ ಇಡಿ, ಉರಿಬಿಸಿಲು ಬೇಡ, ಹಳೆಯ ಪತ್ರಿಕೆಯ ಕಾಗದ ಮುಟ್ಟಿದರೆ ಪುಡಿಯಾಗುತ್ತದೆ. ದಾರ ಸಡಿಲವಾಗಿದ್ದರೆ ನೀವು ಹೊಲಿಯಲು ಹೋಗಬೇಡಿ, ಅವರ ಕೈಗೆ ಸೂಜಿ ಕೊಡಿ.